ತುಳಸಿ ಕಟ್ಟೆಯ ಜುಮ್ಮು

ಮನೆಯಲ್ಲಿ ಏನಾದರೂ ಕೆಟ್ಟಿತೆಂದರೆ ನಮ್ಮವರಿಗೆ ಹಬ್ಬ. ನಲ್ಲಿ ಸೋರಿದರೆ ಬೇರೆ ಮನೆಯ ಗಂಡಸರು ಮುಖ ಗಂಟು ಹಾಕಿಕೊಳ್ಳುತ್ತಾರೆ. ನಮ್ಮ ಯಜಮಾನರು ಪ್ರಭಾಕರರಾಯರು ಮಾತ್ರ ಲುಂಗಿ ಮೇಲೆ ಕಟ್ಟಿ, ಅಟ್ಟದಿಂದ ತಗಡಿನ ಪೆಟ್ಟಿಗೆ ಇಳಿಸಿ, ಅದರ ಮುಂದೆ ಪೂಜೆಗೆ ಕೂತಂತೆ ಕೂತುಬಿಡುತ್ತಾರೆ. ಆ ಪೆಟ್ಟಿಗೆಯಲ್ಲಿ ಸೈಕಲ್ ಟ್ಯೂಬಿನ ತುಂಡಿದೆ, ಸತ್ತ ರೇಡಿಯೋದ ಗುಂಡಿಯಿದೆ, ತುಕ್ಕು ಹಿಡಿದ ಮೊಳೆ ಬೇಕಾದಷ್ಟಿವೆ. ಆ ಹೊತ್ತಿಗೆ ಬೇಕಾದದ್ದು ಮಾತ್ರ ಇರುವುದಿಲ್ಲ.

ರಾಣೆಬೆನ್ನೂರಿನ ಒಂದು ಬೀಜದ ಕಂಪನಿಯ ಆಫೀಸಿನಲ್ಲಿ ಅವರ ನೌಕರಿ. ಮೆಕ್ಕೆಜೋಳದ ಬೀಜ, ಹತ್ತಿ ಬೀಜ ಯಾವ ಊರಿಗೆ ಎಷ್ಟು ಹೋಯಿತೆಂದು ನೋಡಿಕೊಳ್ಳುವುದು. ಅಲ್ಲಿ ಒಂದು ಪಾಕೀಟು ಹೆಚ್ಚುಕಡಿಮೆಯಾದರೆ ಊಟ ಸೇರದ ಮನುಷ್ಯ, ಮನೆಯಲ್ಲಿ ವೈರು ಜೋಡಿಸುವಾಗ ಮಾತ್ರ “ಇಷ್ಟು ನಡೀತದ ಬಿಡು” ಎನ್ನುತ್ತಾರೆ. ಹೀಗೆ ನಡೆದೂ ನಡೆದೂ ನಮ್ಮ ಮನೆಯಲ್ಲಿ ಪಡಸಾಲೆಯ ಫ್ಯಾನು ಹಾಕಿದರೆ ಬಾಗಿಲ ಗಂಟೆ ಹೊಡೆದುಕೊಳ್ಳುತ್ತಿತ್ತು. ಬಂದ ಬೀಗರು ಎದ್ದು ನಿಂತು, “ಯಾರೋ ಬಂದ್ರು ನೋಡ್ರಿ” ಎಂದು ಬಾಗಿಲ ಕಡೆ ನೋಡುತ್ತಿದ್ದರು. ಫ್ಯೂಜು ಪದೇ ಪದೇ ಹೋಗುತ್ತದೆಂದು ಅದಕ್ಕೆ ದಪ್ಪ ತಂತಿ ಸುತ್ತಿದರು. ಆಮೇಲೆ ಫ್ಯೂಜು ಹೋಗಲಿಲ್ಲ, ಮಿಕ್ಸರು ಹೋಯಿತು. ಅವರೇ ಗೋಡೆಗೆ ಹೊಡೆದ ಹಲಗೆ ಒಂದು ಸಂಜೆ ನನ್ನ ಉಪ್ಪಿನಕಾಯಿ ಭರಣಿಗಳ ಸಮೇತ ಕೆಳಗೆ ಬಂತು. ಇಷ್ಟಾದರೂ ಮೇಲೆ ಬಣ್ಣ ಬಳಿದು ಚೆಂದ ಕಾಣುವಂತೆ ಮಾಡುವುದರಲ್ಲಿ ಅವರ ಕೈ ಹಿಡಿಯುವವರಿಲ್ಲ. ಹೊರಗೆ ಥಳಕು, ಒಳಗೆ ಹುಳುಕು ಎಂದು ನಾನು ಹಂಗಿಸಿದರೆ ಅವರದು ಒಂದೇ ಉತ್ತರ.

“ಅದಕ್ಕೊಂದು ಕಾರಣ ಅದ, ಪದ್ಮಾ.”

ಕಾರಣ ಯಾವಾಗಲೂ ಇರುತ್ತಿತ್ತು. ಗೋಡೆ ಸರಿಯಿಲ್ಲ, ಮೊಳೆ ಸರಿಯಿಲ್ಲ, ಕರೆಂಟಿನವರು ಸರಿಯಿಲ್ಲ. ಮದುವೆಯಾದಾಗಿನಿಂದ ಅವರ ಬಾಯಲ್ಲಿ “ನಂದು ತಪ್ಪಾತು” ಎಂಬ ಮಾತನ್ನು ನಾನು ಕೇಳಿರಲಿಲ್ಲ. ನನಗೆ ಸಿಟ್ಟು ಬರುತ್ತಿದ್ದುದು ನಿಜ. ಆದರೆ ಆ ಪೆಟ್ಟಿಗೆ ಅಟ್ಟದಿಂದ ಇಳಿಯುವಾಗೆಲ್ಲ ಅದರ ಹಿಂದೆ ಯಾರ ಮೇಲಿನದೋ ಅಕ್ಕರೆ, ಮಾಯೆ ಇರುತ್ತಿತ್ತು ಎನ್ನುವುದೂ ಅಷ್ಟೇ ನಿಜ. ಹೆಚ್ಚಾಗಿ ಅದು ಅವರ ತಾಯಿಯ ಮೇಲಿನ ಮಾಯೆ.

ನಮ್ಮತ್ತೆ ಗೋದೂಬಾಯಿಗೆ ಸಕ್ಕರೆ ಕಾಯಿಲೆ. ಅದು ಮೆಲ್ಲಗೆ ಪಾದಕ್ಕಿಳಿಯಿತು, ಆಮೇಲೆ ಅಂಗೈಗೂ ಬಂತು. ಬಿಸಿ ತಿಳಿಯದು, ತಂಪು ತಿಳಿಯದು, ಹೂವು ಹಿಡಿದರೂ ಕಲ್ಲು ಹಿಡಿದರೂ ಒಂದೇ. ಹಾವೇರಿಯ ಡಾಕ್ಟರು, ನರ ಸತ್ತಿವೆ, ಇನ್ನು ತಿರುಗಿ ಬರುವುದು ಕಷ್ಟ ಎಂದರು. ಒಂದು ಬೆಳಿಗ್ಗೆ ಅತ್ತೆ ಒಲೆಯ ಮೇಲಿನ ಹಂಡೆಯ ಕಿವಿಯನ್ನು ಬರಿಗೈಯಲ್ಲಿ ಹಿಡಿದು ಇಳಿಸಿ, ಏನೂ ಆಗದವರಂತೆ ಬಂದು ಕೂತರು. ಅಂಗೈಯ ಚರ್ಮ ಎದ್ದದ್ದನ್ನು ನೋಡಿದವರು ನಮ್ಮವರು. ಅವತ್ತು ಆಫೀಸಿಗೆ ಹೋಗಲಿಲ್ಲ. ಸಂಜೆಗೆ ಒಂದು ಗೀಸರ್ ತಂದರು, ತಾವೇ ಕೂಡಿಸಿದರು.

ಕೂಡಿಸಿದ ಮೇಲೆ ಬಚ್ಚಲ ನಲ್ಲಿ ಮುಟ್ಟಿದರೆ ಕೈಗೆ ಚುರ್ ಎನ್ನತೊಡಗಿತು. ಸೋರಿದ ಕರೆಂಟು ಮಣ್ಣಿಗಿಳಿದು ಹೋಗಲಿ ಎಂದು ಪ್ರತಿ ಮನೆಗೂ ಒಂದು ಅರ್ಥಿಂಗಿನ ಕುಣಿ ತೋಡಿರುತ್ತಾರೆ. ನಮ್ಮದನ್ನು ನಮ್ಮವರೇ ಹಿತ್ತಲಿಗೆ ಫರ್ಶಿ ಕಲ್ಲು ಹಾಸುವಾಗ ಮುಚ್ಚಿಬಿಟ್ಟಿದ್ದರು. ಈಗ ಫರ್ಶಿ ಅಗೆಯುವುದೇಕೆ ಎಂದು ಪೆಟ್ಟಿಗೆಯ ಮುಂದೆ ಕೂತು ಬಹಳ ಯೋಚನೆ ಮಾಡಿದರು. ಮರುದಿನ ಬಚ್ಚಲಿಗೆ ಪ್ಲಾಸ್ಟಿಕ್ಕಿನ ನಲ್ಲಿ ಬಂದಿತ್ತು, ಚುರುಚುರು ನಿಂತಿತ್ತು. ಕರೆಂಟಿಗೇನು ಮಾಡಿದಿರಿ ಎಂದು ಕೇಳಿದರೆ, “ಮಾಡೇನಿ ಬಿಡು” ಎಂದು ನಕ್ಕರು. ನಾನು ಮುಂದೆ ಕೇಳಲಿಲ್ಲ, ನನಗೆ ಬ್ಯಾಡಗಿಯ ಬಸ್ಸಿನ ಚಿಂತೆ. ಅಲ್ಲಿನ ಹೈಸ್ಕೂಲಿನಲ್ಲಿ ನಾನು ಕನ್ನಡ ಕಲಿಸುತ್ತೇನೆ.

ಇದಾದ ಕೆಲವು ದಿನಗಳಿಗೆ, ಕಾರ್ತಿಕದ ಒಂದು ಬೆಳಿಗ್ಗೆ, ಅತ್ತೆ ಅಂಗೈಯನ್ನು ಮುಂದೆ ಚಾಚಿಕೊಂಡು ಅಡಿಗೆಮನೆಗೆ ಬಂದರು. ಅದರಲ್ಲಿ ಏನನ್ನೋ ಚೆಲ್ಲದ ಹಾಗೆ ಹಿಡಿದು ತಂದಂತಿತ್ತು. ಅಂಗೈ ಬರಿದಾಗಿತ್ತು.

“ಪದ್ದೀ, ತುಳಸವ್ವ ನನ್ನ ಕೈ ಹಿಡದ್ಲು ನೋಡ.”

“ಏನಂದ್ರಿ ಅತ್ಯಾ?”

“ನೀರು ಹಾಕಿ ತುಳಸಿ ಕಟ್ಟಿಗೆ ಕೈ ಹಚ್ಚಿದೆ. ಜುಮ್ ಅಂತು. ಖರೇನವಾ, ಸುಳ್ಳಲ್ಲ. ಕರ್ಜಗ್ಯಾಗ ಸಣ್ಣಾಕಿ ಇದ್ದಾಗ ಹೊಳ್ಯಾಗ ಕೈ ಬಿಟ್ಟು ಕೂಡತಿದ್ದೆ. ಸಣ್ಣ ಸಣ್ಣ ಮೀನ ಬಂದು ಅಂಗೈ ಕಚ್ಚತಿದ್ವು. ಥೇಟ ಹಂಗ.”

ಕರ್ಜಗಿ ಅವರ ತವರು, ಅಲ್ಲಿಯದು ವರದಾ ಹೊಳೆ. ಆ ಹೆಸರು ಬಂದರೆ ಅತ್ತೆಯ ದನಿಯೇ ಬೇರೆಯಾಗುತ್ತದೆ. ನಾನು ರೊಟ್ಟಿ ತಿರುವಿ ಹಾಕುವುದನ್ನು ಮರೆತು ಅವರ ಮುಖ ನೋಡುತ್ತ ನಿಂತೆ. ರೊಟ್ಟಿ ಕರಕಾಯಿತು, ನನಗೆ ಬೇಸರವಾಗಲಿಲ್ಲ.

ಅವತ್ತಿನಿಂದ ನಮ್ಮ ಮನೆಯ ಬೆಳಗು ಬೇರೆಯೇ ಆಯಿತು. ಇನ್ನೂ ಪೂರ್ತಿ ಎಚ್ಚರವಾಗದ ಹೊತ್ತು, ಬಚ್ಚಲಲ್ಲಿ ನೀರು ಕಾಯುತ್ತಿರುತ್ತದೆ. ಹಿತ್ತಲಲ್ಲಿ ತಂಬಿಗೆಯಿಂದ ನೀರು ಬೀಳುವ ಸದ್ದು, ಆಮೇಲೆ ಏನೂ ಇಲ್ಲ, ಆಮೇಲೆ ಅತ್ತೆಯ ಸಣ್ಣ ನಗು. ಕಣ್ಣು ಮುಚ್ಚಿಕೊಂಡೇ ನಾನು ಆ ನಗುವಿಗಾಗಿ ಕಾಯುತ್ತಿದ್ದೆ. ಮಂಜು ಇಳಿದ ಹಿತ್ತಲು, ಕಟ್ಟೆಗೆ ಅಂಗೈ ಒತ್ತಿ ನಿಂತ ಮುದುಕಿ, ಅವರ ಬೆರಳ ಸಂದಿನಲ್ಲಿ ಯಾವಾಗಲೋ ಬತ್ತಿದ ಕಾಲದ ಮೀನುಗಳು. ಬಸ್ಸು ಮೋಟೆಬೆನ್ನೂರು ದಾಟುವಾಗ ಕಿಟಕಿಗೆ ತಲೆಯಾನಿಸಿ ನಾನು ಅದನ್ನೇ ಕಾಣುತ್ತಿದ್ದೆ. ಬ್ಯಾಡಗಿಯ ಮೆಣಸಿನಕಾಯಿಯ ಘಾಟು ಮೂಗಿಗೆ ಹೊಡೆದು ಸೀನು ಬಂದಾಗಲೇ ನನಗೆ ಹೊಳೆಯಿಂದ ಮೇಲೆ ಬಂದಂತಾಗುತ್ತಿತ್ತು.

ಜುಮ್ಮು ಬೆಳಿಗ್ಗೆ ಮಾತ್ರ. ಸಂಜೆ ದೀಪ ಹಚ್ಚುವಾಗ ಮುಟ್ಟಿದರೆ ಕಟ್ಟೆ ಸುಮ್ಮನಿರುತ್ತಿತ್ತು. “ಬೆಳಗಿನ್ಯಾಗ ದೇವರು ಎಚ್ಚರ ಇರ್ತಾರ, ಸಂಜಿಗೆ ಅವ್ರಿಗೂ ದಣಿವು” ಎನ್ನುತ್ತಿದ್ದರು ಅತ್ತೆ. ಎಷ್ಟೋ ದಿನದ ಮೇಲೆ ಸೂಜಿ ದಾರ ಕೇಳಿ ಇಸಿದುಕೊಂಡು ಹೂವು ಪೋಣಿಸಲು ಕೂತರು. ಸೂಜಿ ಬೆರಳಿಗೆ ಚುಚ್ಚಿ ರಕ್ತ ಬಂದದ್ದು ಅವರಿಗೆ ಗೊತ್ತಾಗಲಿಲ್ಲ. ಆದರೂ, “ಬರ್ತದ, ಮೆಲ್ಲಕ ಬರ್ತದ” ಎಂದರು. ನಮ್ಮವರು ಗಡ್ಡಕ್ಕೆ ಸಾಬೂನು ಹಚ್ಚಿಕೊಂಡು ಬಾಗಿಲಲ್ಲಿ ನಿಂತು ಇದನ್ನೆಲ್ಲ ಕೇಳುತ್ತ ಹಿಗ್ಗುತ್ತಿದ್ದರು. ಡಾಕ್ಟರಿಗೇನು ಗೊತ್ತು ಎಂದು ನಾನೂ ಅಂದುಕೊಂಡೆ. ಓದಿದವಳು, ಪಾಠ ಹೇಳುವವಳು, ನಾನೂ ನಂಬಿದೆ. ನಂಬುವುದು ಅಷ್ಟು ಸುಖವಾಗಿತ್ತು.

ಒಂದು ಭಾನುವಾರ ನಸುಕಿನಲ್ಲಿ ಅಕಾಲದ ಹನಿ ಬಿದ್ದು ಹಿತ್ತಲೆಲ್ಲ ತೊಯ್ದಿತ್ತು. ನಾನು ಬರಿಗಾಲಲ್ಲಿ ಪಾತ್ರೆ ತೊಳೆಯುತ್ತಿದ್ದೆ.

“ಪದ್ದೀ, ಇವತ್ತ ನಿನಗ ರಜಾ ಅಲ್ಲೇನ? ಲಗೂ ಬಾ. ನೀನೂ ಒಮ್ಮೆ ಮುಟ್ಟಿ ನೋಡು. ಇವತ್ತ ಭಾಳ ಛಲೋ ಬರಾಕತ್ತದ.”

ಹೋದೆ, ಒದ್ದೆ ಕೈಯನ್ನೇ ಕಟ್ಟೆಗೆ ಹಚ್ಚಿದೆ.

ಯಾರೋ ಭುಜಕ್ಕೆ ಒನಕೆಯಿಂದ ಹೊಡೆದಂತಾಯಿತು. ಕೈ ಕಿತ್ತುಕೊಂಡು ಹಿಂದಕ್ಕೆ ಬಿದ್ದೆ. ಫರ್ಶಿಯ ಮೇಲೆ ಕೂತ ನನ್ನ ಹಲ್ಲು ಹಲ್ಲಿಗೆ ಕಡಿಯುತ್ತಿತ್ತು. ಮೇಲೆ ಅತ್ತೆ ಕೈತಟ್ಟಿ ನಗುತ್ತಿದ್ದರು.

“ನಿನಗೂ ಕೊಟ್ಲಲ್ಲ! ನಾ ಸುಳ್ಳು ಹೇಳಿದ್ನೇನು?”

ನನಗೆ ಒನಕೆ ಪೆಟ್ಟಾದದ್ದು ಅವರ ಸತ್ತ ಅಂಗೈಗೆ ಮೀನು ಕಚ್ಚಿದ ಹಾಗೆ. ಆ ಕ್ಷಣದಲ್ಲಿ ನನಗೆ ಅದು ತಿಳಿಯಿತು. ಅವರು ಮತ್ತೆ ಕೈ ಚಾಚುತ್ತಿದ್ದರು. ಸೀರೆಯ ನೆರಿಗೆ ಹಿಡಿದು ಎಳೆದು ಅವರನ್ನು ಹಿಂದಕ್ಕೆ ತಂದೆ. ಬಚ್ಚಲ ಬಾಗಿಲು ತೆರೆದಿತ್ತು. ಒಳಗೆ ಗೀಸರಿನ ಕೆಂಪು ದೀಪ ತಣ್ಣಗೆ ಉರಿಯುತ್ತಿತ್ತು.

ನನ್ನ ಕೂಗಿಗೆ ನಮ್ಮವರು ಓಡಿ ಬಂದರು. ಅತ್ತೆಯನ್ನು ಒಳಗೆ ಕೂಡಿಸಿ ಬಂದೆ. ನಮ್ಮವರು ಚಪ್ಪಲಿ ಮೆಟ್ಟಿ, ಪೆಟ್ಟಿಗೆಯಿಂದ ಟೆಸ್ಟರ್ ತಂದು ತುಳಸಿಯ ಬುಡದ ಮಣ್ಣಿಗೆ ಹಚ್ಚಿದರು. ಹಸಿ ಮಣ್ಣಿನ ಮೇಲೆ, ಅರಿಶಿನ ಕುಂಕುಮದ ನಡುವೆ, ಟೆಸ್ಟರಿನ ಸಣ್ಣ ದೀಪ ಹೊತ್ತಿತು. ಗೀಸರ್ ಆರಿಸಿ ಬಂದು ಮತ್ತೆ ಹಚ್ಚಿದರು. ದೀಪ ಹೊತ್ತಲಿಲ್ಲ.

“ಅರ್ಥಿಂಗಿನ ವೈರು ಇಲ್ಲೇ ಹುಗದೇನಿ,” ಎಂದರು. “ಅವ್ವ ದಿನಾ ನೀರು ಹಾಕ್ತಾಳ, ಇಲ್ಲಿ ಮಣ್ಣು ಎಂದೂ ಆರಂಗಿಲ್ಲ ಅಂತ.”

ಮಣ್ಣು ಆರುವುದಿಲ್ಲ, ಖರೆ. ಆದರೆ ಆ ಕಟ್ಟೆ ಫರ್ಶಿಯ ಮೇಲೆ ಕೂತ ಸಿಮೆಂಟಿನ ಡಬ್ಬಿ. ಅದರ ಮಣ್ಣಿಗೂ ನೆಲದ ಮಣ್ಣಿಗೂ ಸಂಬಂಧವೇ ಇಲ್ಲ. ಗೀಸರಿನಿಂದ ಸೋರಿದ ಕರೆಂಟು ಕೆಳಗಿಳಿಯಲು ದಾರಿ ಕಾಣದೆ ಕಟ್ಟೆಯಲ್ಲೇ ಕೂತು, ದಿನಾ ಬೆಳಿಗ್ಗೆ ಅತ್ತೆಯ ಕೈಗಾಗಿ ಕಾಯುತ್ತಿತ್ತು. ಇದಕ್ಕೊಂದು ಕಾರಣ ಅದ ಎಂದು ಅವರು ಹೇಳುತ್ತಾರೇನೋ ಎಂದು ನೋಡಿದೆ, ಹೇಳಿದ್ದರೆ ಅಂದು ನಾನು ಸುಮ್ಮನಿರುತ್ತಿರಲಿಲ್ಲ. ಅವರು ಒದ್ದೆ ನೆಲದ ಮೇಲೆ ಕುಕ್ಕರಿಸಿಬಿಟ್ಟರು.

ಎಲೆಕ್ಟ್ರಿಷಿಯನ್ ಮುಸ್ತಾಕ್ ಫೋನಿನಲ್ಲಿ “ಬಂದ್ನಿ ಬಂದ್ನಿ” ಎನ್ನುತ್ತಲೇ ಇದ್ದು, ನಾನು ಬೈದ ಮೇಲೆ ಬಂದ. ಕಟ್ಟೆಯಿಂದ ವೈರು ಎಳೆದು ತೆಗೆದು, ಫರ್ಶಿ ಒಡೆದು ಕುಣಿ ತೋಡಿ, ಇದ್ದಲು ಉಪ್ಪು ತುಂಬಿ ಸರಿಯಾಗಿ ಅರ್ಥಿಂಗ್ ಮಾಡಿದ. ಗೀಸರನ್ನು ಕಿತ್ತು ಪಕ್ಕಕ್ಕಿಟ್ಟ.

“ಬಾಯಾರ, ಇನ್ನೊಂದು ದೊಡ್ಡ ಮಳಿ ಆಗಿತ್ತಂದ್ರ ಅಜ್ಜಿ ನಿಮ್ಮ ಕೈಗೆ ಸಿಗತಿದ್ದಿಲ್ರಿ,” ಎಂದು ಹೊರಡುವಾಗ ನನಗೆ ಮೆಲ್ಲಗೆ ಹೇಳಿದ. ನಮ್ಮವರಿಗೂ ಅದು ಕೇಳಿಸಿತು. ಪೆಟ್ಟಿಗೆಯನ್ನು ಅಟ್ಟಕ್ಕೆ ಏರಿಸಿ, ಅದರ ಮುಂದೆ ಹಳೇ ಹಾಸಿಗೆ ಒತ್ತಿಟ್ಟರು.

ಅತ್ತೆಗೆ ಗೀಸರ್ ಕೆಟ್ಟಿದೆ ಎಂದಷ್ಟೇ ಹೇಳಿದ್ದೆವು. ಮರುದಿನ ಅವರು ತುಳಸಿಗೆ ನೀರು ಹಾಕಿ ಅಂಗೈ ಒತ್ತಿ ನಿಂತರು. ನಗು ಕೇಳಿಸಲಿಲ್ಲ. ಕೈ ಒರೆಸಿಕೊಂಡು ಮತ್ತೆ ಒತ್ತಿದರು. ಒಳಗೆ ಬಂದು ಹೂವು ಪೋಣಿಸುವ ಸೂಜಿಯನ್ನು ನನಗೆ ತಿರುಗಿ ಕೊಟ್ಟರು.

“ನನ್ನ ಮಡ್ಯಾಗ ಏನೋ ತಪ್ಪಾಗೇದ, ಪದ್ದೀ. ತುಳಸವ್ವ ಕೈ ಬಿಟ್ಲು.”

ಅಂದಿನಿಂದ ಪ್ರಾಯಶ್ಚಿತ್ತ ಶುರುವಾಯಿತು. ನಾನು ಕಾಸಿಟ್ಟ ನೀರನ್ನು ಮುಟ್ಟದೆ, ನಸುಕಿನಲ್ಲೇ ಎದ್ದು ಹಿತ್ತಲಲ್ಲಿ ನೀರು ತುಂಬಿಡುವ ಹೌದಿನ ತಣ್ಣೀರನ್ನು ತಲೆಯ ಮೇಲೆ ಸುರಿದುಕೊಳ್ಳತೊಡಗಿದರು. ಒದ್ದೆ ಸೀರೆಯಲ್ಲೇ ತುಳಸಿಗೆ ಪ್ರದಕ್ಷಿಣೆ. ಬೇಡವೆಂದರೆ, “ನನಗ ತಣ್ಣಗ ಎಲ್ಲಿ ಗೊತ್ತಾಗ್ತದ?” ಎಂದರು. ಮೈಗೆ ಗೊತ್ತಾಗುತ್ತಿತ್ತು. ಕೆಮ್ಮು ಎದೆಗಿಳಿಯಿತು. ಬೆಳಗಿನ ಆ ನಗುವಿನ ಜಾಗದಲ್ಲಿ ಈಗ ಕೆಮ್ಮಿನ ಸದ್ದು.

“ಹೇಳಿಬಿಡ್ರಿ,” ಎಂದೆ ನಮ್ಮವರಿಗೆ.

“ಹೆಂಗ ಹೇಳ್ಲಿ? ಕೈ ಬಂತು ಅಂತ ತಿಳದಾಳ. ಅದು ಕರೆಂಟು ಅಂತ ಹೇಳಿದ್ರ ಎರಡನೇ ಸಲ ಕೈ ಹೋದಂಗ ಆಗ್ತದ ಆಕಿಗೆ.”

“ಹೇಳದಿದ್ರ ಜೀವಾನ ಹೋಗ್ತದ. ಕರೆಂಟಿನ್ಯಾಗ ಉಳದಾಕಿ ತಣ್ಣೀರಾಗ ಹೋಗ್ಬೇಕೇನು?”

ಸಿಟ್ಟಿನಲ್ಲಿ ಆಡಿದೆ. ನಮ್ಮವರು ಮರುದಿನ ಬೆಳಿಗ್ಗೆ ಅತ್ತೆಗಿಂತ ಮೊದಲು ಎದ್ದು ಹೋಗಿ ಹೌದಿನ ಹತ್ತಿರ ನಿಂತರು. ಅತ್ತೆ ನೀರಿಗೆ ತಂಬಿಗೆ ಅದ್ದಿದಾಗ, ಅದನ್ನು ಹಿಡಿದುಕೊಂಡರು. ಎಳೆದಾಟದಲ್ಲಿ ನಮ್ಮವರ ಎರಡೂ ಕೈ ಮೊಳಕೈಯವರೆಗೆ ಆ ನೀರಲ್ಲಿ ಮುಳುಗಿತು. ನಾನು ಟವೆಲ್ ಹಿಡಿದು ಬಾಗಿಲಲ್ಲಿ ನಿಂತಿದ್ದೆ. ಹಿತ್ತಲ ತುಂಬ ಮಂಜು, ತುಳಸಿ ಕಟ್ಟೆ ಇದ್ದೂ ಇಲ್ಲದಂತಿತ್ತು.

“ಅವ್ವಾ, ನಿನ್ನ ಮಡ್ಯಾಗ ತಪ್ಪಿಲ್ಲ. ತುಳಸವ್ವಂದೂ ತಪ್ಪಿಲ್ಲ.” ಅವರು ಅಲ್ಲೇ ತಾಯಿಯ ಕಾಲ ಬಳಿ ಕೂತರು. ವೈರು ಹುಗಿದದ್ದು, ಕರೆಂಟು ಸೋರಿದ್ದು, ಪದ್ಮಾ ಬಿದ್ದದ್ದು, ಮುಸ್ತಾಕ್ ಅಂದದ್ದು, ಏನನ್ನೂ ಬಿಡದೆ ಹೇಳಿದರು. “ಜುಮ್ ಅಂದದ್ದು ಕರೆಂಟು, ಅವ್ವಾ. ನಿನ್ನ ಕೈ ಸುಡಬಾರದು ಅಂತ ಮಾಡೇನಿ, ನಿನ್ನನ್ನ ಕೊಲ್ಲತಿದ್ದೆ. ನಂದು ತಪ್ಪಾತು.”

ಅತ್ತೆ ತಂಬಿಗೆಯನ್ನು ಹೌದಿನ ಅಂಚಿನ ಮೇಲೆ ಇಟ್ಟರು.

“ಅಂದ್ರ ನನ್ನ ಕೈ ಬಂದಿದ್ದಿಲ್ಲೇನು?”

“ಇಲ್ಲವ್ವಾ.”

ಅವರು ತಮ್ಮ ಎರಡೂ ಅಂಗೈ ಬಿಡಿಸಿ ನೋಡಿಕೊಂಡರು. ಆಮೇಲೆ ಮೆಲ್ಲಗೆ ಕೆಳಗೆ ಕೂತು, ಅಷ್ಟು ದೊಡ್ಡ ಮಗನ ಕೈಯನ್ನು ಆ ಅಂಗೈಗಳ ನಡುವೆ ಇಟ್ಟುಕೊಂಡರು.

“ಅಳಬ್ಯಾಡೋ ಪ್ರಭ್ಯಾ. ಎಷ್ಟು ಬೆಚ್ಚಗ ಅದನೋ ನಿನ್ನ ಕೈ. ನೋಡು, ನನಗ ಗೊತ್ತಾಗ್ತದ.”

ಅವತ್ತು ಅತ್ತೆ ಬಿಸಿನೀರಲ್ಲಿ ಸ್ನಾನ ಮಾಡಿದರು. ತಾಯಿಯನ್ನು ಬಚ್ಚಲಿಗೆ ಬಿಟ್ಟು ನಮ್ಮವರು ನನ್ನ ಬಳಿ ಬಂದರು. ಅವರ ಕಣ್ಣು ತುಂಬಿತ್ತು, ಮುಖ ಚಿಕ್ಕ ಹುಡುಗನದಾಗಿತ್ತು.

“ಪದ್ಮಾ, ಕೇಳಿದೇನ? ಅವ್ವಗ ನನ್ನ ಕೈ ಬೆಚ್ಚಗ ಹತ್ತಿತಂತ.”

ಟವೆಲ್ ಕೊಡುವಾಗ ಅವರ ಕೈ ನನಗೆ ತಗುಲಿತು. ಹೌದಿನ ನೀರಿನಷ್ಟೇ ತಣ್ಣಗಿತ್ತು, ಬೆರಳುಗಳು ಸೆಟೆದುಹೋಗಿದ್ದವು.

“ಹೌದ್ರಿ, ಬೆಚ್ಚಗೇ ಅದ,” ಎಂದೆ. ಟವೆಲ್ಲಿನೊಳಗೆ ಆ ಕೈಗಳನ್ನು ಒತ್ತಿ ಹಿಡಿದುಕೊಂಡೆ.