ಎರಡೂ ಬಾಜೂ

ನಮ್ಮ ಮಾವನವರದು ಜೀವನದಲ್ಲಿ ಒಂದೇ ಒಂದು ಸಿದ್ಧಾಂತ. ಅದನ್ನು ಬೆಳಿಗ್ಗೆ ಹಲ್ಲುಜ್ಜುವ ಮೊದಲೇ ಶುರು ಮಾಡಿ, ರಾತ್ರಿ ಸೊಳ್ಳೆಪರದೆ ಇಳಿಸುವವರೆಗೂ ನಮಗೆಲ್ಲ ಪುಕ್ಕಟೆ ಹಂಚುತ್ತಿದ್ದರು. "ನೋಡವಾ, ಯಾವ ವಿಷಯನೇ ಇರ್ಲಿ, ಎರಡೂ ಬಾಜೂ ನೋಡಬೇಕು." ಬಾಜೂ ಎಂದರೆ ಪಕ್ಕ, ಮಗ್ಗುಲು. ಈ ಮಾತಿಲ್ಲದೆ ಕಲಬುರಗಿಯಲ್ಲಿ ಯಾರಿಗೂ ತಮ್ಮ ಮನೆಯ ವಿಳಾಸ ಹೇಳಲು ಬರುವುದಿಲ್ಲ. ನಮ್ಮ ಮಾವನವರಿಗೆ ಇದಿಲ್ಲದೆ ಉಸಿರಾಡಲೂ ಬರುತ್ತಿರಲಿಲ್ಲ.

ಅವರು ತಹಶೀಲ್ದಾರ್ ಕಚೇರಿಯಲ್ಲಿ ಶಿರಸ್ತೇದಾರರಾಗಿದ್ದು ನಿವೃತ್ತರಾದವರು. ಅರ್ಜಿ ತಂದವನ ಮಾತು ಕೇಳಿ, ಎದುರುದಾರನ ಮಾತೂ ಕೇಳಿ, ಇಬ್ಬರಿಗೂ ಚಹಾ ಹೇಳಿ, ಇಬ್ಬರನ್ನೂ ಮುಂದಿನ ವಾರ ಬರಹೇಳುವುದರಲ್ಲಿ ಅವರ ಸಮಾನರು ಯಾರೂ ಇರಲಿಲ್ಲವಂತೆ. ನಿವೃತ್ತಿಯಾದ ಮೇಲೆ ಆ ಸೇವೆ ಜೇವರ್ಗಿ ಕಾಲೋನಿಯ ನಮ್ಮ ಓಣಿಯ ಪಾಲಾಯಿತು. ಒಮ್ಮೆ ಒಬ್ಬರ ಮನೆಯ ನುಗ್ಗೆಗಿಡ ಇನ್ನೊಬ್ಬರ ಕಂಪೌಂಡಿನೊಳಗೆ ಬಾಗಿ ದೊಡ್ಡ ರಂಪವಾಯಿತು. ಮಾವನವರು ಎರಡೂ ಮನೆಯವರನ್ನು ಕೂರಿಸಿಕೊಂಡು, ಗಿಡ ಇವರದು, ಕಾಯಿ ಅವರದು, ಕಂಬಳಿಹುಳ ಇಬ್ಬರದೂ ಎಂದು ತೀರ್ಪು ಕೊಟ್ಟರು. ಇಬ್ಬರೂ ಚಹಾ ಕುಡಿದು, ಕೈ ಮುಗಿದು, ಹೊರಗೆ ಹೋಗಿ ನಮ್ಮ ಗೇಟಿನ ಮುಂದೆಯೇ ಜಗಳ ಮುಂದುವರಿಸಿದರು.

ಮನೆಯೊಳಗೂ ಅದೇ ನ್ಯಾಯ. ಅತ್ತೆಗೆ ಸೀರಿಯಲ್ ನೋಡಬೇಕು, ಇವರಿಗೆ ಸುದ್ದಿ. ಸೀರಿಯಲ್ಲಿನ ಗುಣದೋಷ, ಸುದ್ದಿಯ ಗುಣದೋಷ ಎಲ್ಲ ವಿಚಾರವಾದ ಮೇಲೆ, "ಎರಡೂ ಬಾಜೂ ನೋಡಿದ್ರ ಸುದ್ದಿನೇ ಛಲೋ" ಎಂದಾಗುತ್ತಿತ್ತು. ನಾಷ್ಟಾಕ್ಕೆ ಉಪ್ಪಿಟ್ಟೋ ಮಂಡಕ್ಕಿಯ ಸುಸಲಾನೋ ಎಂಬುದಕ್ಕೂ ವಿಚಾರಣೆ ನಡೆದು, ಅವರಿಗೆ ಇಷ್ಟವಾದ ಸುಸಲಾವೇ ಗೆಲ್ಲುತ್ತಿತ್ತು. ತಕ್ಕಡಿ ಎರಡೂ ಕಡೆ ಚೆನ್ನಾಗಿ ತೂಗಾಡಿ, ಕಡೆಗೆ ಅವರ ಆರಾಮ ಕುರ್ಚಿಯ ಕಡೆಗೇ ವಾಲುತ್ತಿತ್ತು. ಇಷ್ಟು ವರ್ಷಗಳಲ್ಲಿ ಒಮ್ಮೆಯಾದರೂ ತಪ್ಪಿ ಈ ಕಡೆ ವಾಲಿದ್ದನ್ನು ನಾನು ಕಂಡಿಲ್ಲ.

ಕಮಲಾಪುರದ ಹೊಲದ ವಿಷಯವೂ ಹೀಗೆಯೇ. ಕಮಲಾಪುರ ಅತ್ತೆಯ ತವರೂರು. ಅಲ್ಲಿನ ಕೆಂಬಾಳೆ ತೋಟ ಅವರ ಅಪ್ಪ ಅವರಿಗೆ ಅರಿಶಿನ-ಕುಂಕುಮಕ್ಕೆಂದು ಬಿಟ್ಟುಕೊಟ್ಟದ್ದು. ಹೊಲ ಅತ್ತೆಯದು, ಹೋಗಿಬರುವುದು ಮಾವನವರು. ಪ್ರತಿ ಸೋಮವಾರ ತಮ್ಮ ಹಳೆಯ ಸ್ಕೂಟರ್ ಹತ್ತಿ, ಹುಮನಾಬಾದ್ ರಸ್ತೆ ಹಿಡಿದು ಹೊರಡುತ್ತಿದ್ದರು. ಅತ್ತೆ ಬೆಳಿಗ್ಗೆಯೇ ರೊಟ್ಟಿ, ಶೇಂಗಾ ಹಿಂಡಿ ಕಟ್ಟಿ, ಮಜ್ಜಿಗೆ ಬಾಟಲಿ ತುಂಬಿ, ಚೀಲ ಹಿಡಿದು ಗೇಟಿನ ಹತ್ತಿರ ನಿಲ್ಲುತ್ತಿದ್ದರು. "ನಾನೂ ಬರ್ತೀನ್ರೀ ಒಮ್ಮಿ" ಎಂದು ಅವರು ಎಂದಾದರೂ ಬಾಯಿಬಿಟ್ಟರೆ, ಸ್ಕೂಟರಿನ ಹಿಂದೆ ಕೂತರೆ ಸೊಂಟ ನೋವು, ಬಸ್ಸಿಗೆ ಹೋದರೆ ತ್ರಾಸು, ಎರಡೂ ಬಾಜೂ ನೋಡಿದರೆ ಮನೆಯಲ್ಲಿರುವುದೇ ಛಲೋ ಎಂದು ಆದೇಶವಾಗುತ್ತಿತ್ತು. ಸಂಜೆ ಬಂದು ಒಂದು ಚಿಪ್ಪು ಕೆಂಬಾಳೆ ಟೇಬಲ್ ಮೇಲಿಟ್ಟು, "ನಿನ್ನ ಹೊಲ ಆರಾಮದ" ಎಂದು ವರದಿ ಒಪ್ಪಿಸುತ್ತಿದ್ದರು. ಅತ್ತೆ ತಮ್ಮ ಹೊಲವನ್ನು ಸಿಪ್ಪೆ ಸುಲಿದು ತಿನ್ನುತ್ತಿದ್ದರು.

ಹೋದ ವರ್ಷದ ಹೊತ್ತಿಗೆ ಮಾವನವರ ಬಾಯಲ್ಲಿ ಇನ್ನೊಂದು ಮಾತು ಸೇರಿಕೊಂಡಿತು: ಏಕ್‌ದಮ್, ಅಂದರೆ ಇದ್ದಕ್ಕಿದ್ದಂತೆ. ಸ್ಕೂಟರಿಗೆ ಎಮ್ಮೆ ತಾಗಿತು. "ಎಮ್ಮಿ ಏಕ್‌ದಮ್ ಬಂತು." ಆಟೋದವನ ಜೊತೆ ಜಗಳವಾಯಿತು. "ಅಂವ ಏಕ್‌ದಮ್ ಬಂದ." ನಮ್ಮದೇ ಗೇಟಿನ ಕಂಬಕ್ಕೆ ಸ್ಕೂಟರಿನ ಕನ್ನಡಿ ಬಡಿದು ಒಡೆಯಿತು. ಮನೆ ಕಟ್ಟಿದಂದಿನಿಂದ ಅಲ್ಲೇ ನಿಂತಿರುವ ಕಂಬವೂ ಏಕ್‌ದಮ್ ಬಂದಿತ್ತು. ಎಡಗಡೆ ಇಟ್ಟ ಚಹಾದ ಲೋಟ ಮೊಣಕೈ ತಾಗಿ ಉರುಳಿದರೆ, ಅದನ್ನು ಅಲ್ಲಿ ಯಾರಿಟ್ಟರು ಎಂದು ಅತ್ತೆಗೆ ಬೈಗುಳ. ಈಗಿನ ಕಾಲದಲ್ಲಿ ಮನುಷ್ಯರಿಗೆ, ದನಕರುಗಳಿಗೆ, ಪಾತ್ರೆಪಗಡಗಳಿಗೆ ಶಿಸ್ತೇ ಇಲ್ಲ, ಎಲ್ಲವೂ ಹೇಳದೆ ಕೇಳದೆ ನುಗ್ಗುತ್ತವೆ ಎಂದು ಅವರು ಊಟಕ್ಕೆ ಕೂತಾಗ ನಮಗೆ ವಿವರಿಸುತ್ತಿದ್ದರು. ಅತ್ತೆ ಸುಮ್ಮನೆ ಲೋಟವನ್ನು ಅವರ ಮೂಗಿನ ನೇರಕ್ಕೆ ಸರಿಸುತ್ತಿದ್ದರು.

ನನಗೆ ಅನುಮಾನ ಬಂದದ್ದು ಆಟೋ ಜಗಳದ ದಿನ. ಅಂದು ಸ್ಕೂಟರಿನ ಹಿಂದೆ ನಾನೇ ಕೂತಿದ್ದೆ. ಆ ಆಟೋ ಬಹಳ ದೂರದಿಂದ ಹಾರ್ನ್ ಹೊಡೆಯುತ್ತ, ಹಬ್ಬದ ದಿನ ಬರುವ ಅಳಿಯನ ಹಾಗೆ ಗತ್ತಿನಿಂದ ನಿಧಾನವಾಗಿ ಬರುತ್ತಿತ್ತು. ಮನೆಗೆ ಬಂದು ಗಂಡನಿಗೆ ಹೇಳಿದೆ. ಅವರು ಮೊಬೈಲಿನಿಂದ ತಲೆಯೆತ್ತದೆ, "ಅಪ್ಪಗ ನೀನೇ ಹೇಳು" ಎಂದರು. ಈ ಮನೆಯಲ್ಲಿ ಧೈರ್ಯದ ಕೆಲಸವೆಲ್ಲ ಸೊಸೆಗೇ ಯಾಕೆ ಬರುತ್ತದೆಂದು ಎರಡೂ ಬಾಜೂ ನೋಡಿದರೂ ನನಗೆ ತಿಳಿಯುವುದಿಲ್ಲ.

ಹೊಸ ಚಷ್ಮಾ ಮಾಡಿಸೋಣ ಎಂದು ಸುಳ್ಳು ಹೇಳಿ ಅವರನ್ನು ಸೇಡಂ ರಸ್ತೆಯ ಒಂದು ಕಣ್ಣಿನ ಆಸ್ಪತ್ರೆಗೆ ಕರೆದೊಯ್ದೆ. ಗೋಡೆಯ ಮೇಲಿನ ಅಕ್ಷರಗಳನ್ನೆಲ್ಲ ಅವರು ಅತಿ ಸಣ್ಣ ಸಾಲಿನವರೆಗೂ ಗಡಗಡ ಓದಿ, ಕೆಳಗೆ ಮುದ್ರಕರ ಹೆಸರಿದ್ದರೆ ಅದನ್ನೂ ಓದುತ್ತೇನೆ ಎಂಬಂತೆ ಕೂತರು. ಕಣ್ಣಿನ ಒತ್ತಡ ನೋಡಿದ ಡಾಕ್ಟರು ಮಾತ್ರ ಅಷ್ಟು ಖುಷಿಯಾದ ಹಾಗೆ ಕಾಣಲಿಲ್ಲ. ಆಕೆ ಸಣ್ಣ ವಯಸ್ಸಿನ ಹೆಣ್ಣುಮಗಳು. ಕುರ್ಚಿ ಎಳೆದುಕೊಂಡು ಅವರ ಎದುರಿಗೆ ಕೂತು, ಅವರ ಒಂದು ಕಣ್ಣು ಮುಚ್ಚಿಸಿದರು.

"ನನ್ನ ಮೂಗಷ್ಟೇ ನೋಡ್ರಿ. ಬಾಜೂಕ ನನ್ನ ಬೆರಳು ಕಂಡ ಕೂಡ್ಲೇ ಹೇಳ್ರಿ."

ಪರರ ಮನೆಯ ಹೆಣ್ಣುಮಗಳ ಮೂಗನ್ನು ಹಾಗೆ ದಿಟ್ಟಿಸುವುದು ಶಿರಸ್ತೇದಾರರಿಗೆ ಸರಿಬರಲಿಲ್ಲ. ಆದರೂ ನೋಡಿದರು. ನಾನು ಹಿಂದೆ ನಿಂತಿದ್ದೆ. ಡಾಕ್ಟರು ಕೈಯನ್ನು ಅಗಲಕ್ಕೆ ಚಾಚಿ ಬೆರಳು ಆಡಿಸುತ್ತ ನಿಧಾನವಾಗಿ ಒಳಗೆ ತಂದರು. ಬೆರಳು ಅವರ ಭುಜ ದಾಟಿತು. ಕಿವಿಯ ನೇರಕ್ಕೆ ಬಂತು. ಕೆನ್ನೆಯ ನೇರಕ್ಕೂ ಬಂತು.

"ಇನ್ನೂ ಸುರು ಮಾಡಿಲ್ಲೇನ್ರೀ ಡಾಕ್ಟರ್?" ಎಂದು ಮಾವನವರು ಮರ್ಯಾದೆಯಿಂದ ಕೇಳಿದರು.

ನನಗೆ ಒಮ್ಮೆಲೇ ಹೆದರಿಕೆಯಾಯಿತು. ಅಷ್ಟು ಹತ್ತಿರ ಆಡುವ ಬೆರಳು ಕಾಣದ ಮನುಷ್ಯನ ಹಿಂದೆ ಕೂತು ನಾನು ಊರೆಲ್ಲ ತಿರುಗಿದ್ದೆ. ಇನ್ನೊಂದು ಕಣ್ಣಿಗೂ ಅದೇ ಪರೀಕ್ಷೆ, ಅದೇ ಫಲಿತಾಂಶ. ಆಮೇಲೆ ಗದ್ದ ಇಟ್ಟು ಒಳಗೆ ನೋಡುವ ಮಷೀನು. ಬೆಳಕಿನ ಚುಕ್ಕಿ ಕಂಡಾಗಲೆಲ್ಲ ಗುಂಡಿ ಒತ್ತಬೇಕು. ಮಾವನವರು ಪಾಸಾಗಲೇಬೇಕೆಂದು ಚುಕ್ಕಿ ಇದ್ದಾಗಲೂ ಇಲ್ಲದಾಗಲೂ ಟಕಟಕ ಒತ್ತಿದರು. ಮಷೀನು ಅವರ ಕಚೇರಿಯ ಸಾಹೇಬರಂತಲ್ಲ, ಕಳ್ಳತನ ಹಿಡಿಯಿತು. ಮತ್ತೊಮ್ಮೆ ಕೂರಿಸಿದರು.

"ಗ್ಲಾಕೋಮಾ ಅದರೀ," ಎಂದರು ಡಾಕ್ಟರು.

"ಮೋತಿಬಿಂದು ಏನ್ರೀ? ಆಪರೇಷನ್ ಮಾಡಿ ತೆಗೀರಿ."

"ಮೋತಿಬಿಂದು ಅಲ್ರೀ, ಪೊರಿ ಆಗಿದ್ರ ತೆಗೀಬಹುದಿತ್ತು. ಕಣ್ಣಿನ ನರ ಹಾಳಾಗ್ತದ. ಎದುರಿಂದು ನಿಮಗ ಬರೋಬ್ಬರಿ ಕಾಣಸ್ತದ. ಬಾಜೂದು ಹೋಗ್ಯಾದ. ಎರಡೂ ಬಾಜೂ."

ನನಗೆ ನಗು ಬಂತು. ನಗು ಬಂದದ್ದಕ್ಕೆ ನನ್ನ ಮೇಲೆ ನನಗೇ ಸಿಟ್ಟು ಬಂತು. ಮಾವನವರು ಮಾತ್ರ ನಗಲೂ ಇಲ್ಲ, ಸಿಟ್ಟಾಗಲೂ ಇಲ್ಲ. ತಮ್ಮ ಆಸ್ತಿಯನ್ನು ಯಾರೋ ಹರಾಜಿಗಿಟ್ಟರೆಂಬಂತೆ ಕೂತಿದ್ದರು. ಹೋದದ್ದು ಮರಳಿ ಬರುವುದಿಲ್ಲ, ಇದ್ದದ್ದನ್ನು ಉಳಿಸಿಕೊಳ್ಳಲು ದಿನವೂ ಔಷಧಿ ಹನಿ ಹಾಕಿಕೊಳ್ಳಬೇಕು, ಗಾಡಿ ಇವತ್ತಿನಿಂದಲೇ ಬಂದ್ ಎಂದು ಡಾಕ್ಟರು ಹೇಳಿದರು. ಮನೆಗೆ ಬಂದ ಮೇಲೆ ಮಾವನವರಿಗೆ ಮಾತು ಮರಳಿತು. "ಇನ್ನೊಬ್ಬ ಡಾಕ್ಟರಿಗಿ ಕೇಳಬೇಕು. ಎರಡೂ ಬಾಜೂ ನೋಡಬೇಕು." ಎರಡನೆಯ ಡಾಕ್ಟರೂ ಅದನ್ನೇ ಹೇಳಿದರು. ಇಬ್ಬರೂ ಒಂದೇ ಕಾಲೇಜಿನಲ್ಲಿ ಓದಿದವರಿರಬೇಕು ಎಂದು ಮಾವನವರು ಪ್ರಕರಣ ಮುಗಿಸಿದರು.

ಹನಿಯನ್ನು ತಪ್ಪದೆ ಹಾಕಿಸಿಕೊಂಡರು. ಸ್ಕೂಟರನ್ನು ಬಿಡಲಿಲ್ಲ. "ಕಮಲಾಪುರದ ರಸ್ತಾ ಸೀದಾ ಅದ. ನಂಗ ಸೀದಾ ಕಾಣಸ್ತದ. ಬಾಜೂಂದು ತಗೊಂಡು ನಾ ಏನ್ ಮಾಡ್ಲಿ?" ಈ ಮಾತನ್ನು ಈ ಬಾಯಿಂದ ಕೇಳುವ ಭಾಗ್ಯ ನನಗೆ ಬಂತಲ್ಲ ಎಂದುಕೊಂಡೆ. ಕೀಲಿಕೈ ಬಚ್ಚಿಟ್ಟೆ. ಅವರ ಹತ್ತಿರ ಇನ್ನೊಂದಿತ್ತು. ಗಂಡನನ್ನು ನೋಡಿದೆ. ಅವರು "ಅಪ್ಪಗ..." ಎಂದು ಶುರು ಮಾಡುವಷ್ಟರಲ್ಲಿ ನಾನೇ ಎದ್ದುಹೋದೆ.

ಆ ಸೋಮವಾರ ಬೇರೆ ದಾರಿ ಕಾಣದೆ ಕೆಲಸಕ್ಕೆ ರಜೆ ಹಾಕಿ ಸ್ಕೂಟರಿನ ಹಿಂದೆ ಕೂತೆ. ದಾರಿಯುದ್ದಕ್ಕೂ ನಾನೇ ಅವರ ಎರಡೂ ಬಾಜೂ. "ಎಡಕ್ಕ ಟಂಟಂ ಗಾಡಿ ಬರ್ಲಾಕತ್ತದ್ರೀ. ಬಲಕ್ಕ ಲಾರಿ. ಎಡಕ್ಕ ಆಡು." ಅವರು ಒಂದಕ್ಕೂ ಹೂಂ ಅನ್ನಲಿಲ್ಲ, ಆದರೆ ಪ್ರತಿ ಸಲವೂ ಬ್ರೇಕ್ ಹಿಡಿದರು. ನನ್ನ ಗಂಟಲು ಬತ್ತುವ ಹೊತ್ತಿಗೆ ಕಮಲಾಪುರ ಬಂತು.

ತೋಟದಲ್ಲಿ ಬಾಳೆಯ ಸಾಲುಗಳ ನಡುವೆ ಅವರು ಎದೆಯುಬ್ಬಿಸಿ ನಡೆದರು. ಪಕ್ಕದಿಂದ ಒಂದು ಗೊನೆ ಭುಜಕ್ಕೆ ಬಡಿಯಿತು, ಆಮೇಲೆ ಇನ್ನೊಂದು ಕಿವಿಗೆ. ಅವರು ನಿಂತು ಆ ಗೊನೆಯನ್ನು ಕೆಕ್ಕರಿಸಿ ನೋಡಿದರು. ತೋಟ ನೋಡಿಕೊಳ್ಳುವ ಹೆಂಗಸು ನೀರು ತಂದುಕೊಟ್ಟು, "ಅಕ್ಕಾರು ಯಾಕ ಬರಂಗಿಲ್ರೀ? ಅವರು ಈ ಬಾಳಿ ನೋಡೇ ಇಲ್ಲಲ್ರೀ" ಎಂದು ಕೇಳಿದಳು. ಮಾವನವರು, "ಅಕಿಗಿ ತ್ರಾಸ್ ಆಗ್ತದವಾ" ಎಂದರು. ಆಗುವ ತ್ರಾಸು ಯಾವುದೆಂದು ಅತ್ತೆಯನ್ನು ಯಾರೂ ಕೇಳಿರಲಿಲ್ಲ. ನಿಜ ಹೇಳಬೇಕೆಂದರೆ ನಾನೂ ಕೇಳಿರಲಿಲ್ಲ.

ಮುಂದಿನ ಸೋಮವಾರ ನನಗೆ ರಜೆ ಸಿಗಲಿಲ್ಲ. ನಾನು ಕೆಲಸಕ್ಕೆ ಹೊರಡುವ ಗಡಿಬಿಡಿಯಲ್ಲಿದ್ದಾಗ ಅಂಗಳದಲ್ಲಿ ಸ್ಕೂಟರ್ ಶುರುವಾದ ಸದ್ದು ಕೇಳಿ ಹೊರಗೆ ಓಡಿದೆ. ಮಾವನವರು ಗೇಟಿನ ನೇರಕ್ಕೆ ಗುರಿಯಿಟ್ಟು ಹೊರಟಿದ್ದರು. ಅತ್ತೆ ಯಾವಾಗಲೂ ನಿಲ್ಲುವ ಜಾಗದಲ್ಲಿ, ಗೇಟಿನ ಎಡಗಡೆ, ಚೀಲ ಹಿಡಿದು ನಿಂತಿದ್ದರು. ನಾನು ಕೂಗುವುದರೊಳಗೆ ಹ್ಯಾಂಡಲ್ಲು ಅತ್ತೆಯ ಕೈಗೆ ಬಡಿಯಿತು. ಅತ್ತೆ ಗೇಟಿಗೆ ಅಪ್ಪಳಿಸಿ ಹಾಗೇ ಕುಸಿದು ಕೂತರು. ಬಳೆ ಒಡೆದು ಮಣಿಕಟ್ಟಿನಲ್ಲಿ ರಕ್ತ ಬಂತು. ಮಜ್ಜಿಗೆ ಅಂಗಳದ ತುಂಬ ಹರಿಯಿತು.

ಸ್ಕೂಟರ್ ನಿಂತಿತು. ಮಾವನವರು ಎದುರಿನ ರಸ್ತೆಯನ್ನೇ ನೋಡುತ್ತ ರೂಢಿಯ ಮಾತನ್ನೇ ಆಡಿದರು.

"ಏಕ್‌ದಮ್ ಎಲ್ಲಿಂದ ಬಂದಿ?"

ಅತ್ತೆ ಒಡೆದ ಬಳೆಯ ಚೂರನ್ನು ಕೈಯಿಂದ ಕಿತ್ತುಹಾಕಿದರು. ಅವರ ದನಿ ಏರಲಿಲ್ಲ.

"ನಾ ಏಕ್‌ದಮ್ ಬಂದಿಲ್ರೀ. ಲಗ್ನ ಆದಾಗಿಂದ ಇಲ್ಲೇ ನಿಂತೀನಿ."

ಸ್ಕೂಟರಿನ ಇಂಜಿನ್ ಸ್ವಲ್ಪ ಹೊತ್ತು ತನ್ನಷ್ಟಕ್ಕೆ ತಾನೇ ಬಡಬಡಿಸಿತು. ಮಾವನವರು ಅದನ್ನು ಬಂದ್ ಮಾಡಿದರು. ಆಮೇಲೆ ಕತ್ತು ತಿರುಗಿಸಿದರು. ಅಷ್ಟಕ್ಕೆ ಅತ್ತೆ ಕಾಣಲಿಲ್ಲವೇನೋ, ಇನ್ನೂ ತಿರುಗಿಸಿದರು, ಸೊಂಟದಿಂದ ಇಡೀ ಮೈಯನ್ನೇ ಹೊರಳಿಸಿದರು. ನೆಲದ ಮೇಲೆ ಕೂತ ಹೆಂಡತಿಯನ್ನು, ಅವಳ ಕೈಯನ್ನು, ಚೆಲ್ಲಿದ ಮಜ್ಜಿಗೆಯನ್ನು ಬಹಳ ಹೊತ್ತು ನೋಡಿದರು. ಇನ್ನೊಂದು ಬಾಜೂ ಎಂಬುದು ಅವರಿಗೆ ಈ ಸಲ ಹೊಳೆಯಲಿಲ್ಲ. ನನಗೆ ಅವರ ಮೇಲೆ ಕೊಲ್ಲುವಷ್ಟು ಸಿಟ್ಟಿತ್ತು, ಅದರ ಜೊತೆಗೇ ಪಾಪವೂ ಅನ್ನಿಸಿತು.

ಅವರು ಇಳಿದು ಬಂದು, ಕೀಲಿಕೈಯನ್ನು ಅತ್ತೆಯ ಸರಿಯಿದ್ದ ಕೈಯಲ್ಲಿಟ್ಟರು.

"ಇದನ್ನ ತಗೊಂಡು ನಾ ಏನ್ ಮಾಡ್ಲಿ?" ಎಂದರು ಅತ್ತೆ.

"ನಿನ್ನ ಹತ್ರ ಇರ್ಲಿ."

ಅತ್ತೆ ಅದನ್ನು ಸೆರಗಿನ ತುದಿಗೆ ಗಂಟು ಹಾಕಿಕೊಂಡರು. ನಾನು ಬಚ್ಚಿಟ್ಟಿದ್ದ ಇನ್ನೊಂದು ಕೀಲಿಕೈ ಎಲ್ಲಿದೆಯೆಂದು ಯಾರಿಗೂ ಹೇಳಲಿಲ್ಲ. ನನ್ನ ಗಂಡ ಹೊರಗೆ ಬಂದು ಏನಾಯಿತೆಂದು ಕೇಳಿದಾಗ, "ನಿಮ್ಮಪ್ಪಗ ನೀವೇ ಕೇಳ್ರಿ" ಎಂದು ಅತ್ತೆಯನ್ನು ದವಾಖಾನೆಗೆ ಕರೆದುಕೊಂಡು ಹೋದೆ. ಮೂಳೆಗೇನೂ ಆಗಿರಲಿಲ್ಲ.

ಅತ್ತೆಯ ಕೈಯ ಬಾವು ಇಳಿದ ಮೇಲಿನ ಸೋಮವಾರ ನಾವು ಮೂವರು ಬಸ್ಸಿಗೆ ಕಮಲಾಪುರಕ್ಕೆ ಹೊರಟೆವು. ಹೆಂಗಸರಿಗೆ ಬಸ್ಸು ಪುಕ್ಕಟೆಯಾಗಿ ಎಷ್ಟೋ ಕಾಲವಾಗಿತ್ತು. ಊರಿನ ಹೆಂಗಸರೆಲ್ಲ ದೇವರು ದಿಂಡರೆಂದು ಸುತ್ತಾಡಿ ಬಂದದ್ದೂ ಆಗಿತ್ತು. ಎಲ್ಲವನ್ನೂ ಕೂಲಂಕಷವಾಗಿ ವಿಚಾರಿಸುವ ನಮ್ಮ ಮನೆಯಲ್ಲಿ ಆ ಸುದ್ದಿ ಮಾತ್ರ ಹೇಗೋ ಚರ್ಚೆಗೆ ಬಂದಿರಲಿಲ್ಲ. ಅತ್ತೆ ಇಳಕಲ್ ಸೀರೆ ಉಟ್ಟು, ಯಾರ ಅಪ್ಪಣೆಯನ್ನೂ ಕೇಳದೆ ಕಿಟಕಿಯ ಪಕ್ಕ ಕೂತರು. ಮಾವನವರು ಅವರ ಬಲಕ್ಕೆ ಕೂತರು. ನಾನು ಹಿಂದಿನ ಸೀಟು ಹಿಡಿದೆ. ತ್ರಾಸಾಗುವ ಅತ್ತೆ ತೊಗರಿ ಹೊಲಗಳನ್ನು ನೋಡುತ್ತ, ಗಾಳಿಗೆ ಮುಖವೊಡ್ಡಿ, ಸಣ್ಣ ಹುಡುಗಿಯ ಹಾಗೆ ಕಾಲಾಡಿಸುತ್ತಿದ್ದರು.

ಕಂಡಕ್ಟರ್ ಬಂದು ಮಾವನವರ ಮುಂದೆ ನಿಂತ.

"ಒಬ್ರೇ ಏನ್ರೀ ಯಜಮಾನ್ರ?"

ಮಾವನವರು ನಿಧಾನವಾಗಿ ಕತ್ತು ತಿರುಗಿಸಿದರು, ಇನ್ನೂ ತಿರುಗಿಸಿದರು, ಕಿಟಕಿಯವರೆಗೂ ತಿರುಗಿಸಿದರು. ಅತ್ತೆ ಅಲ್ಲೇ ಇದ್ದರು. ಅದನ್ನು ಖಾತ್ರಿ ಮಾಡಿಕೊಂಡ ಮೇಲೆಯೇ ಕಂಡಕ್ಟರನ ಕಡೆ ಹೊರಳಿದರು.

"ಇಲ್ಲಪಾ," ಎಂದರು. "ಇಬ್ರು ಇದೀವಿ."