ಬಂಗಾರಮ್ಮನ ಒಲೆ ಮತ್ತು ಊರಿನ ಸಿನಿಮಾ

ಇವತ್ತು ಸಾಗರ, ಹೊಸನಗರ, ತೀರ್ಥಹಳ್ಳಿಯ ಮನೆಗಳಿಗೆಲ್ಲ ಇಂಟರ್‌ನೆಟ್ ಕೊಡುವ ಸಂಸ್ಥೆಯ ಚರಿತ್ರೆ ಹೇಳುವವರು, ಅದು ಎಂಬತ್ತರ ದಶಕದ ಕೊನೆಯಲ್ಲಿ ಹೊಸನಗರದ ಧರ್ಮಪ್ಪನವರ ಮನೆಯ ಸಣ್ಣ ಕೋಣೆಯೊಂದರಲ್ಲಿ ಕೇಬಲ್ ಟಿವಿಯಾಗಿ ಹುಟ್ಟಿತು ಎಂದು ಶುರುಮಾಡುತ್ತಾರೆ. ಯಾವ ಕೋಣೆ ಎಂದು ಯಾರೂ ಕೇಳುವುದಿಲ್ಲ. ಅದು ಅಡುಗೆಮನೆ.

ಧರ್ಮಪ್ಪನದು ಬಸ್‌ಸ್ಟ್ಯಾಂಡ್ ಹತ್ತಿರ ರೇಡಿಯೋ ರಿಪೇರಿ ಅಂಗಡಿ. ಒಂದೇ ವಿಸಿಆರ್‌ನಿಂದ ಬೀದಿಗೆಲ್ಲ ವೈರ್ ಎಳೆದು ಮನೆಮನೆಯ ಟಿವಿಯಲ್ಲಿ ಸಿನಿಮಾ ತೋರಿಸುವುದನ್ನು ಶಿವಮೊಗ್ಗದಲ್ಲಿ ಕಂಡು ಬಂದವನಿಗೆ ನಿದ್ದೆ ಹತ್ತಲಿಲ್ಲ. ವಿಸಿಆರ್ ತಂದು ಮೊದಲು ಜಗುಲಿಯಲ್ಲಿಟ್ಟ. ಆದರೆ ತಾನು ವೈರ್ ಕಟ್ಟಲು ಮರ ಹತ್ತಿದಾಗ ಕ್ಯಾಸೆಟ್ ಹಾಕುವವರು, ತೆಗೆಯುವವರು, ಹಿಂದಕ್ಕೆ ಸುತ್ತುವವರು ಯಾರಾದರೂ ಬೇಕಲ್ಲ?

"ಅಡುಗೆಮನೇಲೇ ಇಡ್ತೀನಿ. ನೀನು ಹೆಂಗೂ ಅಲ್ಲೇ ಇರ್ತೀಯಲ್ಲ. ನಿಂಗೆ ಬೇರೆ ಕೆಲಸ ಎಂತ ಇದೆ?" ಎಂದ ಹೆಂಡತಿಗೆ.

ಬಂಗಾರಮ್ಮ ಆಗ ಮೀನು ಉಜ್ಜುತ್ತಿದ್ದಳು, ಕಾಲಲ್ಲಿ ಬೆಕ್ಕನ್ನು ದೂಡುತ್ತಿದ್ದಳು, ಕಿವಿಯನ್ನು ಅನ್ನದ ಕುದಿಗೆ ಕೊಟ್ಟಿದ್ದಳು. ಆದರೂ ಹೂಂ ಎಂದಳು. ಅವಳಿಗೊಂದು ಆಸೆಯಿತ್ತು. ಹುಟ್ಟಿದಾಗಿನಿಂದ ಅವಳು ಒಂದು ಸಿನಿಮಾದ ಕೊನೆಯನ್ನೂ ನೋಡಿರಲಿಲ್ಲ. ತವರಿನಲ್ಲಿ ಟೆಂಟ್ ಸಿನಿಮಾಕ್ಕೆ ಕರೆದುಕೊಂಡು ಹೋದ ಅಪ್ಪ, ಕೊನೆಗೆ ಜನ ನುಗ್ಗುವ ಗಲಾಟೆಗೆ ಮುಂಚೆಯೇ ಎಬ್ಬಿಸಿಕೊಂಡು ಬರುತ್ತಿದ್ದ. ಮದುವೆಯಾದ ಮೇಲೆ ಎಬ್ಬಿಸಲು ಅಪ್ಪನೇ ಬೇಕಾಗಿರಲಿಲ್ಲ, ಒಲೆಯೇ ಸಾಕಿತ್ತು. ಈಗ ಸಿನಿಮಾವೇ ಅಡುಗೆಮನೆಗೆ ಬಂದಿದೆ, ಇನ್ನೇನು?

ಒಂದೇ ಸಿನಿಮಾವನ್ನು ಮಧ್ಯಾಹ್ನ ಒಮ್ಮೆ, ಸಂಜೆ ಒಮ್ಮೆ ಹಾಕುವುದು ಎಂದಾಯಿತು. ಆದರೆ ಎರಡು ಸಲ ಹಾಕಿದರೂ ಬಂಗಾರಮ್ಮನಿಗೆ ಅರ್ಧವೂ ದಕ್ಕಲಿಲ್ಲ. ರುಬ್ಬುವ ಕಲ್ಲಿನ ಮುಂದೆ ಕೂತರೆ ವಿಸಿಆರ್ ಪಕ್ಕದಲ್ಲಿಟ್ಟ ಟಿವಿ ಬೆನ್ನಿಗೆ. ನೀರಿಗೆ ಹೋಗಿ ಬರುವಷ್ಟರಲ್ಲಿ ನಾಯಕಿಗೆ ಮದುವೆಯಾಗಿ ಮಗುವೂ ಹುಟ್ಟಿರುತ್ತಿತ್ತು. ಹಾಗಿರುವಾಗ ಚಿತ್ರವನ್ನು ಇದ್ದಲ್ಲೇ ನಿಲ್ಲಿಸುವ ಗುಂಡಿ ಅವಳ ಕಣ್ಣಿಗೆ ಬಿತ್ತು. ಒತ್ತಿದಳು, ಅನ್ನ ಬಸಿದಳು, ಬಂದು ಮತ್ತೆ ಒತ್ತಿದಳು. ಕಥೆ ಅವಳಿಗಾಗಿ ಕಾದು ನಿಂತಿತ್ತು. ಜೀವನದಲ್ಲಿ ಅವಳಿಗಾಗಿ ಕಾದು ನಿಂತದ್ದು ಅದೊಂದೇ.

ಅವಳೊಂದಿಗೆ ಊರೂ ಕಾಯಬೇಕಾಯಿತು. ಎಲ್ಲರ ಟಿವಿಯಲ್ಲೂ ನಾಯಕ ಎತ್ತಿದ ಕೈ ಎತ್ತಿದಂತೆಯೇ ಗಡಗಡ ನಡುಗುತ್ತಿದ್ದ. ತಡವಾದರೆ ಅವನೂ ಹೋಗಿ, ಅರಳು ಹುರಿದ ಹಾಗೆ ಬರೀ ಚುಕ್ಕೆ ಸಿಡಿಯುತ್ತಿತ್ತು. ಗಂಡಸರು ಬೈದರು. ಹೆಂಗಸರು ಎದ್ದುಹೋಗಿ ತಮ್ಮ ಒಲೆ ನೋಡಿಕೊಂಡು ಬಂದರು. ಪಕ್ಕದ ಮನೆಯ ಕೆರಿಯಮ್ಮ ಬೇಲಿಯ ಮೇಲಿಂದ ಕೂಗುವುದನ್ನೂ ಕಲಿತಳು: "ಬಂಗಾರೀ, ಇವತ್ತು ಸ್ವಲ್ಪ ಜಾಸ್ತಿ ಹೊತ್ತು ನಿಲ್ಸೇ, ನಂಗೆ ರೊಟ್ಟಿ ತಟ್ಟೋದಿದೆ!"

ಒಂದು ಸಂಜೆ ಗೊಬ್ಬರದಂಗಡಿ ಹೂವಯ್ಯ ಜಗುಲಿಗೇ ಬಂದ.

"ಎಂತ ಧರ್ಮಪ್ಪ, ನಾವು ಚಂದಾ ಕೊಡೋದು ಸಿನಿಮಾ ನೋಡಕ್ಕಾ, ನಿನ್ ಹೆಂಡ್ತಿ ಅನ್ನ ಬಸಿಯೋದು ಕಾಯಕ್ಕಾ? ನಿನ್ನೆ ನಾನು ಉಂಡು ಕೈ ತೊಳ್ದು ಬಂದ್ರೂ ಹೀರೋ ಕೈ ಇಳಿಸಿರ್ಲಿಲ್ಲ!"

ಅವನಿಗೆ ಕಾಫಿ ಮಾಡುವುದಕ್ಕಾಗಿ ಸಿನಿಮಾ ಆಗಲೂ ನಿಂತಿತ್ತು. ಲೋಟ ಕೊಡುತ್ತ ಬಂಗಾರಮ್ಮ ಕೇಳಿದಳು: "ಊಟ ಬಡಿಸಿದ್ದು ಯಾರು ಹೂವಯ್ನೋರೆ?"

"ಯಾರು ಅಂದ್ರೆ? ಮನೇಲಿ ಹೆಂಗಸ್ರಿಲ್ವಾ?"

"ಪಾಪ, ಅವ್ರು ಬಡಿಸೋವಾಗ ಸಿನಿಮಾ ನಿಂತಿತ್ತಲ್ಲ, ಪುಣ್ಯ."

ಹೂವಯ್ಯ ಹೋದ ಮೇಲೆ ಧರ್ಮಪ್ಪ ಒಳಗೆ ಬಂದ. "ಇನ್ಮೇಲೆ ಸಿನಿಮಾ ಮುಗಿಯೋ ತನಕ ಆ ಮಿಷಿನ್ ಮುಟ್ಟಬಾರ್ದು. ಎದುರಿಗೆ ಕೂತು ಕಾಯಿ. ಏನು ಬೇಕಾದ್ರೂ ಆಗ್ಲಿ."

"ಏನು ಬೇಕಾದ್ರೂ?"

"ಹೂಂ, ಏನು ಬೇಕಾದ್ರೂ!"

ಇಷ್ಟು ಒಳ್ಳೆಯ ಅಪ್ಪಣೆಯನ್ನು ಗಂಡ ಅದುವರೆಗೆ ಕೊಟ್ಟಿರಲಿಲ್ಲ. ಮರುದಿನ ಮಧ್ಯಾಹ್ನ ಕ್ಯಾಸೆಟ್ ಹಾಕಿ ಬಂಗಾರಮ್ಮ ಮಣೆ ಎಳೆದು ಕೂತಳು. ಗಂಡನ ಹೊಡೆತ ತಿಂದು ತಿಂದು ಒಂದು ದಿನ ಮನೆ ಬಿಟ್ಟು ಹೊರಟು, ಹೊಲಿಗೆ ಕಲಿತು, ಅಂಗಡಿ ಇಟ್ಟ ಒಬ್ಬಳ ಕಥೆ. ಜಗುಲಿಯಲ್ಲಿ ಧರ್ಮಪ್ಪ, ಹುಂಚ ಊರಿನಲ್ಲೂ ವೈರ್ ಎಳೆಸುವ ಮಾತಿಗೆ ಬಂದ ನೆಂಟರನ್ನು ಊಟಕ್ಕೆ ಕೂರಿಸಿಕೊಂಡಿದ್ದ. ಕೂಗಿದ. ಇನ್ನೊಮ್ಮೆ ಕೂಗಿದ. ಆಮೇಲೆ ತಾನೇ ಬಂದ.

"ಸಾರು ಸೀದು ವಾಸನೆ ಬರ್ತಿದೆ, ಎಂತ ಮಾಡ್ತಿದೀಯ?"

"ಕಾಯ್ತಿದೀನಿ."

ಅಷ್ಟರಲ್ಲಿ ಹಾಲು ಉಕ್ಕಿತು. ಧರ್ಮಪ್ಪ ಬರಿಗೈಯಲ್ಲಿ ಪಾತ್ರೆ ಹಿಡಿದು ಕುಣಿದ. "ಮಸಿಬಟ್ಟೆ ಎಲ್ಲಿ? ಸೌಟು ಎಲ್ಲಿ? ಅಯ್ಯೋ, ಒಂದ್ನಿಮಿಷ ಅದನ್ನ ನಿಲ್ಸೇ ಮಾರಾಯ್ತಿ!"

"ಹೂವಯ್ನೋರು ಬೈತಾರೆ," ಎಂದಳು, ತಿರುಗಿ ನೋಡದೆ.

ಹಾಗೆ ಬಂಗಾರಮ್ಮ ಸಿನಿಮಾದ ಕೊನೆಯನ್ನು ನೋಡಿದಳು. ಅಂಗಡಿ ಇಟ್ಟವಳ ಬಾಗಿಲಿಗೆ ಕೆಮ್ಮುತ್ತ ಗಂಡ ಬಂದ. ಅವಳು ಓಡಿ ಬಂದು ಅವನ ಕಾಲಿಗೆ ಬಿದ್ದು, ತಪ್ಪಾಯಿತು ಎಂದು ಅತ್ತು, ಅಂಗಡಿಗೆ ಬೀಗ ಹಾಕಿ ಅವನ ಹಿಂದೆ ನಡೆದಳು. ಮನೆ ಮುಟ್ಟಿ, ಗಂಡನಿಗೆ ಕಾಫಿ ತರಲು ಅವಳು ಒಳಗೆ ಹೋಗುವಲ್ಲಿ ಶುಭಂ.

"ಇದಕ್ಕಾ ಇಷ್ಟು ಕಾದಿದ್ದು?" ಎಂದಳು ಬಂಗಾರಮ್ಮ. ಮಣೆಯಲ್ಲಿ ಕೂತೇ ಕ್ಯಾಸೆಟ್ಟನ್ನು ಮೊದಲಿಗೆ ಸುತ್ತಿದಳು.

ಸಂಜೆ ಅದೇ ಕ್ಯಾಸೆಟ್ ಹಾಕಿದಳು. ನಾಯಕಿ ಅಂಗಡಿಯ ಬಾಗಿಲು ತೆಗೆದು, ಬೋರ್ಡು ನೇತುಹಾಕಿ, ಹೊಲಿಗೆ ಮಿಷಿನ್ ಮುಂದೆ ಕೂತು ನಕ್ಕಳು. ಗಂಡ ಕೆಮ್ಮುತ್ತ ಬರುವ ಮೊದಲೇ ಬಂಗಾರಮ್ಮ ಕ್ಯಾಸೆಟ್ ಹೊರಗೆ ತೆಗೆದು, ಸೆರಗಿನಿಂದ ಒರೆಸಿ ಡಬ್ಬಿಗೆ ಹಾಕಿದಳು.

"ಮುಗಿಯೋ ತನಕ ಮುಟ್ಟಬೇಡ ಅಂದಿದ್ನಲ್ಲ!" ಸುಟ್ಟ ಬೆರಳಿಗೆ ಎಣ್ಣೆ ಹಚ್ಚಿಕೊಳ್ಳುತ್ತಿದ್ದ ಧರ್ಮಪ್ಪ ಕೂಗಿದ.

"ಮುಗೀತಲ್ಲ."

ಬೇಲಿಯಾಚೆಯಿಂದ ಕೆರಿಯಮ್ಮನ ದನಿ ಬಂತು: "ಕೊನೆ ಚೆನ್ನಾಗಿತ್ತು ಕಣೇ ಬಂಗಾರೀ!"