ದಾಳದ ಪಕ್ಷದವನು

ಆಳಂದದ ಟೇಲರ್ ಮಸೂದನ ಅಂಗಡಿಯಲ್ಲಿ ಭಾನುವಾರ ಹೊಲಿಗೆಯಿಲ್ಲ. ಬಟ್ಟೆ ಕತ್ತರಿಸುವ ಮೇಜಿನ ಸುತ್ತ ಕಾಲೇಜಿನ ದಿನಗಳಿಂದಲೂ ಕತೆಯಾಟ ನಡೆದಿದೆ. ಒಬ್ಬೊಬ್ಬರು ಒಂದೊಂದು ಪಾತ್ರವಾಗುತ್ತಾರೆ, ಮಸೂದ ತಾನೇ ಹೆಣೆದ ಕತೆ ನಡೆಸುತ್ತಾನೆ, ಗಂಡಾಂತರ ಬಂದಲ್ಲಿ ಪಾತ್ರ ಉಳಿಯುವುದೋ ಸಾಯುವುದೋ ಎಂದು ದಾಳ ಉರುಳಿಸಿ ತೀರ್ಮಾನಿಸುತ್ತಾರೆ. ಆಟಕ್ಕಿಂತ ವಾದವೇ ಜಾಸ್ತಿ. "ಕತಿ ಚಂದ ಆಗ್ಬೇಕಂದ್ರ ಕೆಲವು ಪಾತ್ರ ಉಳೀಬೇಕ್ರಿ ಅಣ್ಣಾ," ಎನ್ನುತ್ತಾಳೆ ಟೀಚರ್ ಶಾಂಭವಿ. "ದಾಳ ಎಲ್ಲಾರ ಮುಂದ ಬೀಳ್ಬೇಕು. ಅದಕ್ಕ ಅಂಜಲಿಲ್ಲಂದ್ರ ಅದೆಂಥಾ ಕತಿ?" ಎಂದು ಮಸೂದ ಕೊರಳಿನ ಟೇಪು ಸರಿಪಡಿಸಿಕೊಳ್ಳುತ್ತಾನೆ. ದಾಳದ ಮಾತಿಗೆ ಕಟ್ಟುಬಿದ್ದು ಹೆಂಡತಿ ಅಫ್ರೀನಳ ರಾಣಿಯನ್ನೇ ಕೋಟೆಯಿಂದ ಉರುಳಿಸಿ, ವಾರವಿಡೀ ಸಪ್ಪೆ ಸಾರು ಉಂಡವನು ಅವನು. ಮೊದಲಿನ ಗೆಳೆಯರಲ್ಲಿ ಈಗ ಉಳಿದವನು ಅವನೊಬ್ಬನೇ. ಅವನ ಕೊನೆಯ ಜೊತೆಗಾರ ಜಿಡಗಾದ ಕಲ್ಲಿನಾಥ ಹೋದ ವರ್ಷ ಜ್ವರದಲ್ಲಿ ತೀರಿಕೊಂಡ; ಅವನು ಆಡುತ್ತಿದ್ದ ಅಂಬಿಗ ತುಂಬಿದ ಭೀಮೆಯ ನಡುವೆಯೇ ನಿಂತುಬಿಟ್ಟಿದ್ದ. ಮೊನ್ನೆ ಕತೆ ಮತ್ತೆ ಆ ಹೊಳೆಗೆ ಬಂತು. "ಅಂಬಿಗಂದು ಏನ್ರಿ?" ಎಂದು ಶಾಂಭವಿ ಮೆಲ್ಲಗೆ ಕೇಳಿದಳು. ಮಸೂದ ದಾಳವನ್ನು ಬಹಳ ಹೊತ್ತು ಮುಷ್ಟಿಯಲ್ಲಿ ಹಿಡಿದುಕೊಂಡೇ ಕೂತ. ಆಮೇಲೆ ಉರುಳಿಸಿದವನೇ ಅಂಗೈಯಿಂದ ಮುಚ್ಚಿ, ಬೆರಳ ಸಂದಿಯಲ್ಲಿ ಇಣುಕಿ ನೋಡಿ, "ಅಂಬಿಗ ದಂಡಿ ಮುಟ್ಟಿದ," ಎಂದ. ಕೈ ಎತ್ತು ಎಂದು ಯಾರೂ ಹೇಳಲಿಲ್ಲ.